ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಹೀಟ್ ಗನ್: ಹಳೆ ಕಾರಿನ ಮನೆಮದ್ದುಗಳಲ್ಲಿ ಯಾವುದು ನಿಜ, ಯಾವುದು ಅಪಾಯ?

ಮುಂಡಗೋಡ ತಾಲ್ಲೂಕಿನ ಇಂದೂರಿನಲ್ಲಿರುವ ನಮ್ಮ ಕಾಕಾ ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಒಂದೇ ದಿನ ನನಗೆ ನಾಲ್ಕು ವಿಡಿಯೊ ಫಾರ್ವರ್ಡ್ ಮಾಡಿದರು. ಒಂದರಲ್ಲಿ ಹಳದಿಗಟ್ಟಿದ ಹೆಡ್‌ಲೈಟಿಗೆ ಟೂತ್‌ಪೇಸ್ಟ್ ಉಜ್ಜುತ್ತಾರೆ, ಇನ್ನೊಂದರಲ್ಲಿ ಬಿಳಿಚಿಕೊಂಡ ಬಂಪರಿಗೆ ಎಣ್ಣೆ ಬಳಿಯುತ್ತಾರೆ. ಮೂರನೆಯದು ಸೀಟಿನ ಬೂಸ್ಟು ತೆಗೆಯುವ 'ಪವರ್‌ಫುಲ್ ಮಿಶ್ರಣ'. ನಾಲ್ಕನೆಯದು ಡ್ಯಾಶ್‌ಬೋರ್ಡಿನಿಂದ ಕ್ಯಾನ್ಸರ್ ಬರುತ್ತದೆ ಎಂಬ ಎಚ್ಚರಿಕೆ. ಕೊನೆಗೆ ಅವರದೊಂದು ಸಾಲು: "ಇದು ಖರೇ ಐತೇನವಾ? ನೀ ಓದಿದಾಕಿ, ನೋಡಿ ಹೇಳು."

ಕಾಕಾರ ಕಾರಿಗೆ ಹತ್ತೊಂಬತ್ತು ವರ್ಷ. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷ ನಡೆಯುತ್ತದೆ. ಆಮೇಲೆ ವಾಹನ ಸುಸ್ಥಿತಿಯಲ್ಲಿದೆಯೇ ಎಂದು ಪರೀಕ್ಷಿಸಿ ಐದೈದು ವರ್ಷಕ್ಕೆ ನವೀಕರಿಸುತ್ತಾರೆ. ಅವರ ಕಾರು ಮುಂದಿನ ವರ್ಷ ಮತ್ತೆ ಆರ್‌ಟಿಒ ಮುಂದೆ ನಿಲ್ಲಬೇಕು. ಗ್ಯಾರೇಜಿನವರು ಹೇಳಿದ ಖರ್ಚು ಕೇಳಿ ಮನೆಯಲ್ಲೇ ಮಾಡಿಕೊಳ್ಳೋಣ ಎಂದು ಅವರಿಗೆ ಅನಿಸಿತ್ತು. ಅದರಲ್ಲಿ ತಪ್ಪೇನಿಲ್ಲ, ಬಹಳಷ್ಟು ಕೆಲಸ ಮನೆಯಲ್ಲೇ ಆಗುತ್ತದೆ. ಆದರೆ ಈ ವಿಡಿಯೊಗಳು ಒಂದು ವ್ಯತ್ಯಾಸವನ್ನು ಮರೆಮಾಚುತ್ತವೆ: ಹೊಳಪು ಬೇರೆ, ದುರಸ್ತಿ ಬೇರೆ. ಕೆಲವು ಉಪಾಯ ಹಾಳಾದ ಭಾಗವನ್ನು ಸರಿಮಾಡುತ್ತವೆ, ಕೆಲವು ಬರೀ ಮುಚ್ಚುತ್ತವೆ, ಒಂದೆರಡು ಜೀವಕ್ಕೇ ಕುತ್ತು ತರುತ್ತವೆ. ಒಂದೊಂದಾಗಿ ನೋಡೋಣ.

ಕಾರಿನ ಪ್ಲಾಸ್ಟಿಕ್ ಯಾಕೆ ಬಿಳಿಚಿಕೊಳ್ಳುತ್ತದೆ?

ಬಂಪರ್, ಕನ್ನಡಿಯ ಕವರ್, ಬಾಗಿಲ ಪಟ್ಟಿ ಇವುಗಳಿಗೆ ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಬಳಸುತ್ತಾರೆ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಅದರ ಉದ್ದುದ್ದ ಅಣುಸರಪಳಿಗಳನ್ನು ತುಂಡರಿಸುತ್ತವೆ. ಮೇಲ್ಪದರ ಒರಟಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ. ಬೆಳಕು ಅಲ್ಲಿ ಚದುರಿ ಕಪ್ಪು ಭಾಗ ಬೂದಿಯಂತೆ ಕಾಣುತ್ತದೆ. ಬೂದಿಬಣ್ಣ ಹೊರಗಿನಿಂದ ಬಂದು ಕೂತ ಕೊಳೆಯಲ್ಲ, ಪ್ಲಾಸ್ಟಿಕ್ಕೇ ಸವೆದಿದೆ.

ಎಣ್ಣೆ, ಬೂಟ್ ಪಾಲಿಶ್ ಬಳಿದರೆ ಹೊಸದಾಗುತ್ತದೆಯೇ?

*ನಮ್ಮ ತೀರ್ಮಾನ: ಕಾಣುವುದು ನಿಜ, ಉಳಿಯುವುದು ಸುಳ್ಳು.*

ಕೊಬ್ಬರಿ ಎಣ್ಣೆ ಆ ಸಣ್ಣ ಬಿರುಕುಗಳನ್ನು ತುಂಬುತ್ತದೆ. ಬೆಳಕು ಚದುರುವುದು ನಿಲ್ಲುತ್ತದೆ, ಬಂಪರ್ ಕಪ್ಪಗೆ ಕಾಣುತ್ತದೆ. ಒದ್ದೆ ಕಲ್ಲು ಒಣ ಕಲ್ಲಿಗಿಂತ ಗಾಢವಾಗಿ ಕಾಣುವುದೂ ಇದೇ ಕಾರಣಕ್ಕೆ. ವಿಡಿಯೊದವರು ಸುಳ್ಳು ತೋರಿಸಿಲ್ಲ, ನಾಲ್ಕು ಮಳೆ ಆದಮೇಲೆ ಹೇಗಿರುತ್ತದೆ ಎಂಬುದನ್ನು ತೋರಿಸಿಲ್ಲ ಅಷ್ಟೆ. ಎಣ್ಣೆ ತೊಳೆದು ಹೋಗುತ್ತದೆ, ಅಲ್ಲಿಯವರೆಗೆ ಧೂಳು ಹಿಡಿಯುತ್ತದೆ. ಬೂಟ್ ಪಾಲಿಶ್ ಅಂದರೆ ಮೇಣ ಮತ್ತು ಬಣ್ಣ. ಅದು ಬಂಪರ್ ಬಿಟ್ಟು ನಿಮ್ಮ ಪ್ಯಾಂಟಿಗೆ ಅಂಟುತ್ತದೆ.

ಹೀಟ್ ಗನ್? ಬಿಸಿಗಾಳಿಗೆ ಮೇಲ್ಪದರ ಸ್ವಲ್ಪ ಕರಗಿ ನಯವಾಗುತ್ತದೆ, ಬಣ್ಣ ಮರಳುತ್ತದೆ. ಆದರೆ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಹೀಟ್ ಗನ್ನಿನ ಗಾಳಿ 500 ಡಿಗ್ರಿ ದಾಟಬಲ್ಲದು. ಒಂದು ಕ್ಷಣ ಕೈ ನಿಂತರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಪಕ್ಕದ ಪೇಂಟ್ ಗುಳ್ಳೆ ಏಳುತ್ತದೆ. ಹೊಸ ರಕ್ಷಣೆ ಏನೂ ಸೇರದ ಕಾರಣ ಬಿಸಿಲಿಗೆ ಮತ್ತೆ ಬೂದಿಯಾಗುತ್ತದೆ. ಲೈಟರ್ ಅಥವಾ ಬೆಂಕಿಯಿಂದ ಇದನ್ನು ಮಾಡುವ ವಿಡಿಯೊಗಳನ್ನಂತೂ ನಂಬಬೇಡಿ.

ಉಳಿಯುವ ದಾರಿ: ಸೋಪಿನ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಪ್ಲಾಸ್ಟಿಕ್ ಟ್ರಿಮ್‌ಗೆಂದೇ ಬರುವ ಕೋಟಿಂಗ್ ಹಚ್ಚುವುದು. ಪೇಂಟ್ ಮಾಡುವುದಾದರೆ ನಯವಾದ ಉಜ್ಜು ಕಾಗದದಿಂದ ಉಜ್ಜಿ, ಮೊದಲು ಪ್ಲಾಸ್ಟಿಕ್ ಪ್ರೈಮರ್ ಹೊಡೆಯಬೇಕು. ಈ ಪ್ಲಾಸ್ಟಿಕ್ಕಿಗೆ ಬಣ್ಣ ಸುಲಭವಾಗಿ ಅಂಟುವುದಿಲ್ಲ. ಪ್ರೈಮರ್ ಬಿಟ್ಟವರ ಬಂಪರ್ ಬೇಗನೆ ಸಿಪ್ಪೆ ಸುಲಿಯುತ್ತದೆ.

ಹೆಡ್‌ಲೈಟಿಗೆ ಟೂತ್‌ಪೇಸ್ಟ್: ಅರ್ಧ ಸತ್ಯ

ಮೊದಲು ನಿಮ್ಮ ಹೆಡ್‌ಲೈಟ್ ಯಾವುದರದು ನೋಡಿ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ದೀಪಗಳು ಗಾಜಿನವು. ಗಾಜು ಹಳದಿಯಾಗುವುದಿಲ್ಲ. ಅಂಥ ದೀಪ ಮಂದವಾಗಿದ್ದರೆ ಒಳಗಿನ ಪ್ರತಿಫಲಕ ಮಸುಕಾಗಿರಬಹುದು, ಹೊರಗಿನಿಂದ ಏನು ಉಜ್ಜಿದರೂ ಅದು ಸರಿಹೋಗದು.

ಈಗಿನ ದೀಪಗಳು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನವು. ಅದರ ಮೇಲೆ ಕಂಪನಿಯವರೇ ಗಟ್ಟಿಯಾದ ರಕ್ಷಣಾ ಪದರ ಹಾಕಿರುತ್ತಾರೆ. ವರ್ಷಗಳ ಬಿಸಿಲಿಗೆ ಆ ಪದರ ಹಾಳಾಗಿ, ಕೆಳಗಿನ ಪ್ಲಾಸ್ಟಿಕ್ ಹಳದಿಗಟ್ಟುತ್ತದೆ. ಟೂತ್‌ಪೇಸ್ಟಿನಲ್ಲಿ ಹಲ್ಲು ಉಜ್ಜಲೆಂದು ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಕಣಗಳಿರುತ್ತವೆ. ಅವು ಹಾಳಾದ ಪದರವನ್ನು ಅಷ್ಟಿಷ್ಟು ಕೆರೆದು ತೆಗೆಯುತ್ತವೆ, ದೀಪ ತಿಳಿಯಾಗುತ್ತದೆ. ಆದರೆ ಉಳಿದಿದ್ದ ಅಲ್ಪಸ್ವಲ್ಪ ರಕ್ಷಣೆಯೂ ಅದರೊಂದಿಗೆ ಹೋಗುತ್ತದೆ. ಮೇಲೆ ಏನೂ ಹಚ್ಚದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಹಳದಿ ಮರಳುತ್ತದೆ.

ಮನೆಯಲ್ಲೇ ಸರಿಯಾಗಿ ಮಾಡಲು ನೀರು ಹಾಕುತ್ತಾ 1000, ನಂತರ 2000, ನಂತರ 3000 ನಂಬರಿನ ಉಜ್ಜು ಕಾಗದ ಬಳಸಿ, ಪಾಲಿಶ್ ಮಾಡಿ, ಕೊನೆಗೆ ಯುವಿ ರಕ್ಷಣೆಯ ಕ್ಲಿಯರ್ ಕೋಟ್ ಹೊಡೆಯಬೇಕು. ಈ ಕೊನೆಯ ಹೆಜ್ಜೆಯೇ ದುರಸ್ತಿ, ಅದಿಲ್ಲದಿದ್ದರೆ ಮಾಡಿದ್ದು ಬರೀ ಹೊಳಪು. ಸೊಳ್ಳೆ ನಿವಾರಕ ಸ್ಪ್ರೇ, ಪೆಟ್ರೋಲ್, ಥಿನ್ನರ್ ಬಳಸುವ ವಿಡಿಯೊಗಳೂ ಓಡಾಡುತ್ತಿವೆ. ಇವು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಮೆತ್ತಗೆ ಮಾಡುತ್ತವೆ. ಒರೆಸಿದ ಕ್ಷಣ ಫಳಫಳ, ಆಮೇಲೆ ಜೇಡರ ಬಲೆಯಂಥ ಬಿರುಕು. ಯಲ್ಲಾಪುರ, ಜೋಯಿಡಾ ಕಡೆಯ ಕಾಡುದಾರಿಯಲ್ಲಿ ರಾತ್ರಿ ಮಳೆಯಲ್ಲಿ ಗಾಡಿ ಓಡಿಸಿದವರಿಗೆ ಹೆಡ್‌ಲೈಟ್ ಬರೀ ಅಂದದ ವಿಷಯವಲ್ಲ ಎಂಬುದು ಗೊತ್ತು.

ಕ್ರೋಮ್ ಬಂಪರಿಗೆ ಕೋಲಾ, ಹುಣಸೆಹಣ್ಣು

*ತೀರ್ಮಾನ: ತೆಳು ತುಕ್ಕಿಗೆ ನಡೆಯುತ್ತದೆ.*

ಕೋಲಾದಲ್ಲಿ ಫಾಸ್ಫರಿಕ್ ಆಮ್ಲ, ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ಇದೆ. ಎರಡೂ ತುಕ್ಕನ್ನು ಸ್ವಲ್ಪ ಕರಗಿಸುತ್ತವೆ. ನಮ್ಮ ಅಜ್ಜಿಯರು ಹಿತ್ತಾಳೆ ಬೆಳಗಿದ್ದೂ ಹುಣಸೆಯಿಂದಲೇ. ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ಅದ್ದಿ ಉಜ್ಜಿದರೆ ತುಕ್ಕು ಏಳುತ್ತದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರು ಕಡಿಮೆ. ಆದರೆ ಈ ತುಕ್ಕು ಕ್ರೋಮಿನದಲ್ಲ. ಕ್ರೋಮ್ ಪದರದ ಸಣ್ಣ ರಂಧ್ರಗಳಿಂದ ನೀರು ಇಳಿದು, ಕೆಳಗಿನ ಉಕ್ಕು ತುಕ್ಕು ಹಿಡಿದಿರುತ್ತದೆ. ಪದರವೇ ಎದ್ದುಹೋಗಿದ್ದರೆ ಮತ್ತೆ ಪ್ಲೇಟಿಂಗ್ ಮಾಡಿಸಬೇಕು, ಬೇರೆ ಮದ್ದಿಲ್ಲ. ಉಜ್ಜಿದ ಮೇಲೆ ಆಮ್ಲ ಉಳಿಯದಂತೆ ತೊಳೆದು, ಒಣಗಿಸಿ, ಮೇಣ ಹಚ್ಚಿ.

ಗ್ರಿಲ್‌ನಂಥ ಭಾಗಕ್ಕೆ ಮೊದಲು ಅಯಸ್ಕಾಂತ ಹಿಡಿದು ನೋಡಿ, ಹಗುರವಾಗಿ ತಟ್ಟಿಯೂ ನೋಡಿ. ಅಯಸ್ಕಾಂತ ಅಂಟದೆ ಪ್ಲಾಸ್ಟಿಕ್ಕಿನ ಸದ್ದು ಬಂದರೆ ಅದು ಪ್ಲಾಸ್ಟಿಕ್ ಮೇಲಿನ ಕ್ರೋಮ್. ಅದನ್ನು ಉಜ್ಜಲೇಬೇಡಿ.

ಒಳಗಿನ ಭಾಗ: ಸೀಟು, ಬಾಗಿಲು, ಚಾವಣಿ

ಹಳೆ ಕಾರುಗಳ ರೆಕ್ಸಿನ್ ಸೀಟು ಬಟ್ಟೆಯ ಮೇಲೆ ಪಿವಿಸಿ ಹಚ್ಚಿ ಮಾಡಿದ್ದು. ಪಿವಿಸಿ ಮೆತ್ತಗಿರಲು ಅದರೊಳಗೆ ಎಣ್ಣೆಯಂಥ ಒಂದು ರಾಸಾಯನಿಕ ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಅದು ಹೊರಬಿದ್ದು ರೆಕ್ಸಿನ್ ಪೆಡಸಾಗಿ ಒಡೆಯುತ್ತದೆ. ಮೇಲೆ ಹಚ್ಚಿದ ಕೊಬ್ಬರಿ ಎಣ್ಣೆ ಅದರ ಜಾಗ ತುಂಬುವುದಿಲ್ಲ, ಅಂಟಂಟಾಗಿ ಬೂಸ್ಟಿಗೆ ಆಹಾರವಾಗುತ್ತದೆ. ಪೆಟ್ರೋಲ್, ಥಿನ್ನರಿನಿಂದ ಒರೆಸಿದರೆ ಉಳಿದ ಮೆದುತನವೂ ಹೋಗುತ್ತದೆ. ಮುಚ್ಚಿದ ಕಾರಿನಲ್ಲಿ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು ಎಂಬುದನ್ನೂ ಮರೆಯಬೇಡಿ. ಸೌಮ್ಯ ಸೋಪಿನ ನೀರು, ಮೆತ್ತನೆ ಬ್ರಷ್ಷು ಸಾಕು. ಒಡೆದ ರೆಕ್ಸಿನ್ನಿಗೆ ಕುಶನ್ ಕೆಲಸದವರೇ ಗತಿ.

ಹಳೆ ಕಾರುಗಳ ಬಾಗಿಲ ಒಳಹಲಗೆ ಹೆಚ್ಚಾಗಿ ಹಾರ್ಡ್‌ಬೋರ್ಡಿನದು. ನೀರು ಕುಡಿದರೆ ಉಬ್ಬಿ ಬಾಗುತ್ತದೆ. ಮನೆಯಲ್ಲಿ ಚೆನ್ನಾಗಿ ಆಗುವ ಕೆಲಸವಿದು: ಹಳೆಯದನ್ನು ಅಚ್ಚಾಗಿ ಇಟ್ಟು ಹೊಸ ಹಲಗೆ ಕತ್ತರಿಸಿ, ಅಂಚಿಗೆ ವಾರ್ನಿಶ್ ಹಚ್ಚಿ, ಬಟ್ಟೆ ಹೊದಿಸಿ ಕೂರಿಸಬಹುದು. ಆದರೆ ಮೊದಲು ಹಲಗೆ ಯಾಕೆ ನೆನೆಯಿತು ಎಂದು ಹುಡುಕಿ. ಬಾಗಿಲ ತಳದಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ, ಅವು ಮಣ್ಣು ತುಂಬಿ ಮುಚ್ಚಿರಬಹುದು. ಹಲಗೆಯ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿರಬಹುದು. ಅದನ್ನು ಸರಿಮಾಡದಿದ್ದರೆ ಹೊಸ ಹಲಗೆಯೂ ಮುಂದಿನ ಮಳೆಗಾಲಕ್ಕೆ ಉಬ್ಬುತ್ತದೆ.

ಜೋತುಬಿದ್ದ ಚಾವಣಿ ಬಟ್ಟೆಗೆ ಮೇಲಿಂದ ಗೋಂದು ಹಾಕುವುದೂ ಹೀಗೆಯೇ. ಬಟ್ಟೆಯ ಹಿಂದಿನ ಸ್ಪಂಜು ಪುಡಿಯಾಗಿರುತ್ತದೆ, ಪುಡಿಗೆ ಗೋಂದು ಹಿಡಿಯುವುದಿಲ್ಲ. ಚಾವಣಿ ಬಿಚ್ಚಿ, ಹಳೆ ಸ್ಪಂಜನ್ನು ಪೂರ್ತಿ ಕೆರೆದು, ಹೊಸ ಬಟ್ಟೆ ಅಂಟಿಸಬೇಕು.

ಬೂಸ್ಟು ತೆಗೆಯುವ 'ಪವರ್‌ಫುಲ್ ಮಿಶ್ರಣ': ದಯವಿಟ್ಟು ಮಾಡಬೇಡಿ

ಕಾಕಾ ಕಳಿಸಿದ್ದರಲ್ಲಿ ನಿಜಕ್ಕೂ ಭಯ ಹುಟ್ಟಿಸಿದ್ದು ಇದು. ಬ್ಲೀಚಿಗೆ ವಿನೆಗರ್ ಬೆರೆಸಿ ಸೀಟಿಗೆ ಸಿಂಪಡಿಸಿ ಬಾಗಿಲು ಮುಚ್ಚಿಡಿ ಎನ್ನುತ್ತದೆ. ಬ್ಲೀಚ್ ಆಗಲಿ ಬ್ಲೀಚಿಂಗ್ ಪೌಡರ್ ಆಗಲಿ, ಆಮ್ಲದ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ವಿನೆಗರ್, ನಿಂಬೆರಸ, ಟಾಯ್ಲೆಟ್ ಕ್ಲೀನರ್ ಎಲ್ಲವೂ ಆಮ್ಲವೇ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಸೇರಿದರೂ ವಿಷಾನಿಲವೇ. ಕ್ಲೋರಿನ್ ಶ್ವಾಸಕೋಶವನ್ನು ಸುಡುತ್ತದೆ. ಕಾರಿನಂಥ ಇಕ್ಕಟ್ಟಿನ ಜಾಗದಲ್ಲಿ ಸ್ವಲ್ಪವೇ ಸಾಕು. ಆಸ್ತಮಾ ಇರುವವರಿಗೆ, ಮಕ್ಕಳಿಗೆ ಇನ್ನೂ ಅಪಾಯ. ಯಾರಿಗಾದರೂ ಹೀಗಾಗಿ ಕೆಮ್ಮು, ಉಸಿರಾಟದ ತೊಂದರೆ ಬಂದರೆ ತಕ್ಷಣ ತೆರೆದ ಗಾಳಿಗೆ ಕರೆತಂದು ಆಸ್ಪತ್ರೆಗೆ ಹೋಗಿ.

ನಾಫ್ತಲೀನ್ ಗುಳಿಗೆ ಇಡುವುದೂ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಾಫ್ತಲೀನನ್ನು 'ಕ್ಯಾನ್ಸರ್‌ಕಾರಕ ಆಗಿರಬಹುದಾದ' ವಸ್ತುಗಳ ಪಟ್ಟಿಗೆ ಸೇರಿಸಿದೆ.

ಬೂಸ್ಟಿಗೆ ಮದ್ದು ಒಣಗಿಸುವುದು. ಮ್ಯಾಟ್, ಕಾರ್ಪೆಟ್ ಎತ್ತಿ ನೋಡಿ, ಕೆಳಗಿನ ಸ್ಪಂಜು ವಾರಗಟ್ಟಲೆ ಒದ್ದೆಯಿರುತ್ತದೆ. ಅಲ್ಲಿಂದಲೇ ನೆಲದ ತಗಡಿಗೂ ತುಕ್ಕು ಹಿಡಿಯುತ್ತದೆ. ಮಾಸ್ಕ್ ಹಾಕಿಕೊಂಡು ಸೋಪಿನ ನೀರಲ್ಲಿ ಒರೆಸಿ, ಬಾಗಿಲು ತೆರೆದು ಎರಡು ದಿನ ಬಿಸಿಲಿಗೆ ಬಿಡಿ. ಬಾಗಿಲು, ಡಿಕ್ಕಿಯ ರಬ್ಬರ್ ಎಲ್ಲಿ ಸೋರುತ್ತಿದೆ ನೋಡಿ. ಕೆಟ್ಟ ವಾಸನೆ ಎಲ್ಲೋ ನೀರು ನಿಂತಿದೆ ಎಂಬ ಸೂಚನೆ, ಪರ್ಫ್ಯೂಮ್ ಹಾಕಿ ಅದನ್ನು ಮುಚ್ಚಬೇಡಿ.

ಡ್ಯಾಶ್‌ಬೋರ್ಡಿನಿಂದ ಕ್ಯಾನ್ಸರ್?

'ಕಾರು ಹತ್ತಿದ ಕೂಡಲೇ ಎಸಿ ಹಾಕಬೇಡಿ, ಡ್ಯಾಶ್‌ಬೋರ್ಡ್ ಬೆಂಜೀನ್ ಬಿಡುತ್ತದೆ' ಎಂಬ ಸಂದೇಶ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸುತ್ತುತ್ತಿದೆ. ಬೆಂಜೀನ್ ಕ್ಯಾನ್ಸರ್‌ಕಾರಕ ಎಂಬುದು ನಿಜ. ಆದರೆ ಸಂದೇಶದ ಅಂಕಿಗಳು 'ಚದರ ಅಡಿಗೆ ಇಷ್ಟು ಮಿಲಿಗ್ರಾಂ' ಎನ್ನುತ್ತವೆ. ಗಾಳಿಯಲ್ಲಿರುವ ಅನಿಲವನ್ನು ಅಳೆಯುವುದು ಗಾಳಿಯ ಗಾತ್ರಕ್ಕೆ, ನೆಲದ ವಿಸ್ತೀರ್ಣಕ್ಕಲ್ಲ. ಸಂದೇಶ ಬರೆದವರಿಗೆ ವಿಷಯ ಗೊತ್ತಿರಲಿಲ್ಲ ಎನ್ನಲು ಇದೊಂದೇ ಸಾಕು. 2007ರಲ್ಲಿ ಜರ್ಮನಿಯ ಮ್ಯೂನಿಕ್ಕಿನ ಸಂಶೋಧಕರು ಒಂದು ಹೊಸ ಕಾರನ್ನೂ ಮೂರು ವರ್ಷದ ಇನ್ನೊಂದು ಕಾರನ್ನೂ ಬಿಸಿ ಮಾಡಿ ಒಳಗಿನ ಗಾಳಿ ಪರೀಕ್ಷಿಸಿದರು. ಆರೋಗ್ಯಕ್ಕೆ ಎದ್ದುಕಾಣುವ ಅಪಾಯ ಅವರಿಗೆ ಸಿಗಲಿಲ್ಲ. ಹಳೆ ಕಾರಿನಲ್ಲಿ ಇಂಥ ಆವಿಗಳು ಹೊಸದರಲ್ಲಿದ್ದುದಕ್ಕಿಂತ ಬಹಳ ಕಡಿಮೆ ಇದ್ದವು.

ಅಂದರೆ ಹತ್ತೊಂಬತ್ತು ವರ್ಷದ ಡ್ಯಾಶ್‌ಬೋರ್ಡಿಗಿಂತ, ನಿನ್ನೆ ನೀವು ಚಾವಣಿಗೆ ಬಳಿದ ಗೋಂದು ಮತ್ತು ಸ್ಪ್ರೇ ಪೇಂಟಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಬಾಗಿಲು ತೆರೆದಿಟ್ಟೇ ಕೆಲಸ ಮಾಡಿ, ವಾಸನೆ ಹೋಗುವವರೆಗೆ ಕೆಲವು ದಿನ ಗಾಳಿಯಾಡಲು ಬಿಡಿ.

ಡ್ಯಾಶ್‌ಬೋರ್ಡ್ ಒಡೆಯುವುದು ಬಿಸಿಲಿನಿಂದ. 2018ರಲ್ಲಿ ಅಮೆರಿಕದ ಅರಿಜೋನಾದಲ್ಲಿ ನಡೆದ ಅಧ್ಯಯನದಲ್ಲಿ, ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು, ನೆರಳಲ್ಲಿ 48 ಡಿಗ್ರಿ. ಗಾಜಿಗೆ ಅಡ್ಡ ಇಡುವ ಒಂದು ರಟ್ಟು ಯಾವ ಪಾಲಿಶ್‌ಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಜಿಡ್ಡಿನ ಪಾಲಿಶ್ ಹಚ್ಚಿದರೆ ಅದರ ಹೊಳಪು ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ. ಸ್ಟೇರಿಂಗ್, ಪೆಡಲ್‌ಗೆ ಹಚ್ಚಿದರೆ ಜಾರುತ್ತದೆ.

ಇವುಗಳಿಗೆ ಮಾತ್ರ ಮನೆಮದ್ದು ಬೇಡ

* ಸೀಟ್ ಬೆಲ್ಟ್: ಬ್ಲೀಚ್, ಬಣ್ಣ, ಥಿನ್ನರ್ ತಾಗಿದರೆ ಎಳೆಗಳ ಬಲ ಕುಂದುತ್ತದೆ. ಸೌಮ್ಯ ಸೋಪಿನ ನೀರಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಅಂಚು ಹರಿದಿದ್ದರೆ ಟೇಲರ್ ಹತ್ತಿರ ಹೊಲಿಸಬೇಡಿ, ಬೆಲ್ಟನ್ನೇ ಬದಲಿಸಿ.
* ಏರ್‌ಬ್ಯಾಗ್: ಇರುವ ಕಾರಾದರೆ ಸ್ಟೇರಿಂಗಿನ ಮಧ್ಯಭಾಗ, ಡ್ಯಾಶ್‌ಬೋರ್ಡಿನ ಎಡಭಾಗ ಬಿಚ್ಚಬೇಡಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಸಿಕ್ಕ ಸೀಟ್ ಕವರ್ ಹಾಕಬೇಡಿ.

ಹಳೆ ಕಾರು ಕೊಳ್ಳುವವರಿಗೂ ಇದೇ ಮಾತು. ಮಾರುವ ದಿನ ಬಂಪರ್ ಕಪ್ಪಗಿರುತ್ತದೆ, ಡ್ಯಾಶ್‌ಬೋರ್ಡ್ ಮಿಂಚುತ್ತದೆ. ನೀವು ಬೆಲ್ಟನ್ನು ಪೂರ್ತಿ ಎಳೆದು ನೋಡಿ, ಕಾರ್ಪೆಟ್ ಎತ್ತಿ ಕೈ ಇಟ್ಟು ನೋಡಿ.

ಕಾಕಾಗೆ ನಾನು ಬರೆದ ಉತ್ತರ ಇಷ್ಟು: ಹೆಡ್‌ಲೈಟ್ ಉಜ್ಜಿರಿ, ಆದರೆ ಕ್ಲಿಯರ್ ಕೋಟ್ ಬಿಡಬೇಡಿ. ಬಾಗಿಲ ಹಲಗೆ ನೀವೇ ಮಾಡಿ. ಬೆಲ್ಟ್ ಬದಲಿಸಿ. ಆ ಮಿಶ್ರಣದ ವಿಡಿಯೊ ಡಿಲೀಟ್ ಮಾಡಿ, ಕಳಿಸಿದವರಿಗೂ ಯಾಕೆ ಎಂದು ಹೇಳಿ. ನಿಮ್ಮ ಗುಂಪಿಗೂ ಇಂಥ ವಿಡಿಯೊ ಬಂದರೆ ಮುಂದೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಆರು ತಿಂಗಳ ನಂತರ ಇದು ಹೇಗಿರುತ್ತದೆ ಎಂದು ತೋರಿಸಿದ್ದಾರೆಯೇ? ಭಾಗ ಯಾವ ವಸ್ತುವಿನದು ಎಂದು ಹೇಳಿದ್ದಾರೆಯೇ? ಎರಡು ರಾಸಾಯನಿಕ ಬೆರೆಸಲು ಹೇಳುತ್ತಿದ್ದಾರೆಯೇ? ಮೂರನೆಯದಕ್ಕೆ ಉತ್ತರ 'ಹೌದು' ಆದರೆ, ಆ ವಿಡಿಯೊ ನಿಮ್ಮ ಫೋನಿನಲ್ಲೇ ನಿಲ್ಲಲಿ.