ರ‍್ಯಾಂಕ್ ಪಟ್ಟಿಯಲ್ಲಿ ಹೆಸರಿಲ್ಲವೇ? ಗಾಬರಿ ಬೇಡ!

"ಮಗಳಿಗೆ ಅಮೆರಿಕದಲ್ಲಿ ಎರಡು ಕಡೆ ಸೀಟು ಸಿಕ್ಕಿದೆ. ಅವಳಿಗೆ ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜೇ ಇಷ್ಟ. ಇವರು ಮಾತ್ರ ಕ್ಯೂಎಸ್ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ, ರ‍್ಯಾಂಕ್ ಇರೋ ದೊಡ್ಡ ಯೂನಿವರ್ಸಿಟಿಗೇ ಹೋಗಲಿ ಅಂತಾರೆ. ಏನು ಮಾಡೋದು?"

ಬೆಂಗಳೂರಿನ ಗೆಳತಿಯೊಬ್ಬರು ಮೊನ್ನೆ ಫೋನಿನಲ್ಲಿ ಕೇಳಿದ ಪ್ರಶ್ನೆಯಿದು. ಪಿಯುಸಿ ಮುಗಿಸಿದ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಈಗ ಇದೇ ಚರ್ಚೆ. ಲಕ್ಷಾಂತರ ರೂಪಾಯಿಯ ವಿಷಯ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಹೆಸರೇಕೆ ಇಲ್ಲ?
ಕ್ಯೂಎಸ್ ಪಟ್ಟಿ ಇರುವುದು ಪಿಜಿ, ಸಂಶೋಧನೆ ನಡೆಸುವ ವಿಶ್ವವಿದ್ಯಾಲಯಗಳಿಗಾಗಿ. ಲಿಬರಲ್ ಆರ್ಟ್ಸ್ ಕಾಲೇಜುಗಳ ಮುಖ್ಯ ಕೆಲಸ ಪದವಿ ತರಗತಿಗಳಿಗೆ ಪಾಠ ಹೇಳುವುದು. ಹೀಗಾಗಿ ಅವು ಆ ಪಟ್ಟಿಗೆ ಬರುವುದೇ ಇಲ್ಲ. ಹೆಸರಿಲ್ಲ ಅಂದಮಾತ್ರಕ್ಕೆ ಕಾಲೇಜು ಕಳಪೆ ಅಂತಲ್ಲ!

'ಆರ್ಟ್ಸ್' ಅಂದ ಕೂಡಲೇ ನಮ್ಮ ಬಿಎ ನೆನಪಿಗೆ ಬರುತ್ತದೆ, ಅಲ್ವಾ? ಅಲ್ಲಿ ಹಾಗಲ್ಲ. ಗಣಿತ, ಭೌತಶಾಸ್ತ್ರ, ಅರ್ಥಶಾಸ್ತ್ರ, ಕಂಪ್ಯೂಟರ್ ವಿಜ್ಞಾನವನ್ನೂ ಓದಬಹುದು. ಮೊದಲು ಹಲವು ವಿಷಯಗಳ ರುಚಿ ನೋಡಿ, ಆಮೇಲೆ ಮುಖ್ಯ ವಿಷಯ ಆರಿಸಿಕೊಳ್ಳುವ ಪದ್ಧತಿ.

ಎರಡು ಪಟ್ಟಿ, ಎರಡು ತಕ್ಕಡಿ
ಅಮೆರಿಕದ 'ಯುಎಸ್ ನ್ಯೂಸ್' ಪಟ್ಟಿ 1983ರಿಂದ ಬರುತ್ತಿದೆ. ಅದು ವಿಶ್ವವಿದ್ಯಾಲಯಗಳಿಗೆ ಒಂದು, ಲಿಬರಲ್ ಆರ್ಟ್ಸ್ ಕಾಲೇಜುಗಳಿಗೆ ಇನ್ನೊಂದು ಪಟ್ಟಿ ಮಾಡುತ್ತದೆ. ಹಲವು ವರ್ಷಗಳಿಂದ ಮೊದಲನೆಯದರಲ್ಲಿ ಪ್ರಿನ್ಸ್‌ಟನ್, ಎರಡನೆಯದರಲ್ಲಿ ಸುಮಾರು 2,000 ವಿದ್ಯಾರ್ಥಿಗಳ ವಿಲಿಯಮ್ಸ್ ಕಾಲೇಜು ಮುಂದಿವೆ. ಹಾಗಾಗಿ ಒಂದರ 20ನೇ ಸ್ಥಾನವನ್ನು ಇನ್ನೊಂದರ 50ನೇ ಸ್ಥಾನದ ಜತೆ ಹೋಲಿಸಿದರೆ ಅರ್ಥವಿಲ್ಲ. 'ಫೋರ್ಬ್ಸ್' ಎರಡನ್ನೂ ಒಂದೇ ಪಟ್ಟಿಯಲ್ಲಿ ಇಡುತ್ತದೆ. ಆದರೆ ಅದರ ಅಳತೆಗೋಲೇ ಬೇರೆ.

ಸಾರಿನ ಪುಡಿಯ ಲೆಕ್ಕ
ರ‍್ಯಾಂಕ್ ಅನ್ನೋದು ಸಾರಿನ ಪುಡಿ ಇದ್ದ ಹಾಗೆ. ಧನಿಯಾ, ಮೆಂತ್ಯದ ಅಳತೆ ಬದಲಾದರೆ ರುಚಿಯೇ ಬೇರೆ. ಯುಎಸ್ ನ್ಯೂಸ್ 2023ರಲ್ಲಿ ತನ್ನ ಅಳತೆ ಬದಲಿಸಿತು. ತರಗತಿಯ ಗಾತ್ರದಂಥ ಕೆಲವು ಅಂಶಗಳನ್ನೇ ಕೈಬಿಟ್ಟಿತು. ಟುಲೇನ್ ವಿಶ್ವವಿದ್ಯಾಲಯ ಒಂದೇ ಸಲಕ್ಕೆ 44ರಿಂದ 73ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಪಾಠ ಅಷ್ಟು ಕೆಟ್ಟಿತೇ? ಇಲ್ಲ ಕಣ್ರೀ, ಬದಲಾದದ್ದು ಅಳತೆ!

ಇನ್ನೊಂದು ವಿಷಯ. ಇದರಲ್ಲಿ 20% ಅಂಕ ಸಿಗುವುದು ಬೇರೆ ಕಾಲೇಜಿನ ಮುಖ್ಯಸ್ಥರ ಅಭಿಪ್ರಾಯದಿಂದ. ಅನೇಕ ಅಂಕಿ-ಅಂಶಗಳನ್ನು ಕಾಲೇಜುಗಳೇ ಒದಗಿಸುತ್ತವೆ. 2022ರಲ್ಲಿ ಕೊಲಂಬಿಯಾದ ಅಂಕಿಗಳನ್ನು ಅದರದೇ ಗಣಿತ ಪ್ರಾಧ್ಯಾಪಕ ಮೈಕಲ್ ತಡ್ಡಿಯಸ್ ಪ್ರಶ್ನಿಸಿದರು. ತಪ್ಪು ಮಾಹಿತಿ ಹೋಗಿತ್ತು ಎಂದು ವಿಶ್ವವಿದ್ಯಾಲಯ ಒಪ್ಪಿಕೊಂಡಿತು. ಎರಡನೇ ಸ್ಥಾನದಿಂದ 18ಕ್ಕೆ ಕುಸಿಯಿತು. ರೀಡ್ ಕಾಲೇಜಂತೂ 1995ರಲ್ಲೇ ಈ ಪಟ್ಟಿಗೆ ಮಾಹಿತಿ ಕೊಡುವುದಿಲ್ಲ ಎಂದಿತ್ತು.

ಹಾಗಾದರೆ ನೋಡಬೇಕಾದ್ದೇನು?
* ನಾಲ್ಕು ವರ್ಷದ ನಿಜವಾದ ಖರ್ಚು. ಶುಲ್ಕ, ಊಟ, ವಸತಿ, ವಿಮೆ ಎಲ್ಲ ಸೇರಿಸಿ, ಸಿಕ್ಕ ನೆರವು ಕಳೆಯಿರಿ. ನೆರವು ಪ್ರತಿವರ್ಷ ಸಿಗುತ್ತದೆಯೇ ಎಂದು ಬರಹದಲ್ಲೇ ಕೇಳಿ.
* ನೆರವಿನ ನೀತಿ. ಆಮ್ಹರ್ಸ್ಟ್‌ನಂಥ ಕೆಲವೇ ಕಾಲೇಜುಗಳು ವಿದೇಶಿ ಮಕ್ಕಳಿಗೂ ದುಡ್ಡಿನ ಶಕ್ತಿ ನೋಡದೆ ಪ್ರವೇಶ ಕೊಟ್ಟು, ಅಗತ್ಯದಷ್ಟು ನೆರವು ನೀಡುತ್ತವೆ. ಎಲ್ಲ ಕಡೆ ಹೀಗಿಲ್ಲ. ಸೀಟು ಸಿಕ್ಕ ಬಳಿಕವೂ ವಿಚಾರಿಸಿ.
* ಮಗಳ ಮೆಚ್ಚಿನ ವಿಷಯ. ಆ ವಿಭಾಗದಲ್ಲಿ ಎಷ್ಟು ಅಧ್ಯಾಪಕರು, ಎಷ್ಟು ಕೋರ್ಸು? ಚಿಕ್ಕ ಕಾಲೇಜಿನಲ್ಲಿ ಆಯ್ಕೆ ಕಡಿಮೆ ಇರಬಹುದು. ದೊಡ್ಡ ಕಡೆ ಮೊದಲ ವರ್ಷದ ಪಾಠ ನೂರಾರು ಮಕ್ಕಳ ಸಭಾಂಗಣದಲ್ಲಿ ನಡೆಯಬಹುದು.
* ಪದವಿ ಮುಗಿಸುವವರ ಪ್ರಮಾಣ. ಅಮೆರಿಕ ಸರ್ಕಾರದ 'ಕಾಲೇಜ್ ಸ್ಕೋರ್‌ಕಾರ್ಡ್'ನಲ್ಲಿ ಸಿಗುತ್ತದೆ. ಆದರೆ ಅಲ್ಲಿನ ಸಂಬಳದ ಲೆಕ್ಕ ಸರ್ಕಾರಿ ನೆರವು ಪಡೆದವರದು. ವಿದೇಶಿ ಮಕ್ಕಳಿಗೆ ಹಾಗೇ ಅನ್ವಯಿಸಬೇಡಿ.

ಗೆಳತಿಗೆ ಹೇಳಿದ್ದಿಷ್ಟೇ. ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎರಡೂ ಕಡೆಯ ಉತ್ತರ ಬರೆದು ಮನೆಯವರ ಮುಂದಿಡಿ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಚಿಕ್ಕ ಕಾಲೇಜೇ ಗೆಲ್ಲಬೇಕೆಂದಿಲ್ಲ. ಆದರೆ ಸೋಲುವುದಾದರೆ ಈ ಹಾಳೆಯಲ್ಲಿ ಸೋಲಲಿ, ಅದರ ಹೆಸರೇ ಬರಲಾರದ ಪಟ್ಟಿಯಲ್ಲಿ ಅಲ್ಲ.