ಡಿಸ್ಕ್ ಸತ್ತಿಲ್ಲ, ಎಸೀಬೇಡಿ

ಹ್ಯಾರೋದಲ್ಲೋ ಕ್ರಾಯ್ಡನ್ನಿನಲ್ಲೋ ನಿಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೇ ಕಂಪ್ಯೂಟರ್ ಇರಬಹುದು. ಅಪ್ಪ ಅದರಲ್ಲಿ ಬರಹವನ್ನೋ ನುಡಿಯನ್ನೋ ಹಾಕ್ಕೊಂಡು ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಟೈಪ್ ಮಾಡಿದ್ದರು. ಅಮ್ಮ ಮಕ್ಕಳ ನಾಟಕ ಬರೆದಿದ್ದರು. ಆಮೇಲೆ ಯಾವತ್ತೋ ಆನ್ ಮಾಡಿದಾಗ ಹಾರ್ಡ್ ಡಿಸ್ಕ್ ಸಿಗುತ್ತಿಲ್ಲ ಅಂದಿತು. ಮನೆಯವರೆಲ್ಲ ಸೇರಿ "ಹೋಯ್ತು ಬಿಡು" ಅಂತ ತೀರ್ಪು ಕೊಟ್ಟರು. ಈಗ ಅದು ಕೌನ್ಸಿಲ್‌ನ ರಿಸೈಕ್ಲಿಂಗ್ ಕೇಂದ್ರಕ್ಕೆ ಹೊರಟಿದೆ.

ಸ್ವಲ್ಪ ತಡೀರಿ. ನಾಡಿ ಹಿಡಿದು ನೋಡದೆ ಸತ್ತಿದೆ ಅನ್ನೋದು ಯಾವ ನ್ಯಾಯ?

"ಡಿಸ್ಕ್ ಸಿಗುತ್ತಿಲ್ಲ" ಅಂದರೆ ಡಿಸ್ಕ್ ಸತ್ತಿದೆ ಎಂದರ್ಥವಲ್ಲ. ಮೊದಲು ಮದರ್‌ಬೋರ್ಡ್ ಮೇಲಿನ ಗುಂಡು ಬ್ಯಾಟರಿ ನೋಡಿ. ಸಾಮಾನ್ಯವಾಗಿ ಅದು ಸಿಆರ್ 2032, ಒಂದೆರಡು ಪೌಂಡಿಗೆ ಸಿಗುತ್ತೆ. ಅದು ಮುಗಿದರೆ ಬಯೋಸ್ ತಾರೀಖನ್ನೂ ಮರೀತದೆ, ಕೆಲವು ಹಳೇ ಯಂತ್ರಗಳಲ್ಲಿ ಡಿಸ್ಕ್‌ನ ವಿವರವನ್ನೂ ಮರೀತದೆ. ಆಮೇಲೆ ಅಗಲವಾದ 40 ಪಿನ್ನಿನ ಐಡಿಇ ಕೇಬಲ್. ಬಿಚ್ಚಿ, ಮತ್ತೆ ಗಟ್ಟಿಯಾಗಿ ಕೂಡಿಸಿ. ಅಂಚಿನ ಬಣ್ಣದ ಗೆರೆ ಒಂದನೇ ಪಿನ್ನಿನ ಕಡೆ ಇರಬೇಕು. ಮೂರನೆಯದು ಡ್ರೈವ್‌ನ ಹಿಂದಿರುವ ಪುಟ್ಟ ಜಂಪರ್. ಒಂದೇ ಕೇಬಲ್ಲಿನ ಎರಡು ಡ್ರೈವ್‌ಗಳೂ "ಮಾಸ್ಟರ್" ಆಗಿ ಕೂತರೆ ಇಬ್ಬರು ಯಜಮಾನರ ಮನೆಯಂತೆ ಕೆಲಸ ಕೆಡುತ್ತದೆ. ಯಾವ ಜಾಗಕ್ಕೆ ಯಾವ ಅರ್ಥ ಅನ್ನೋದು ಸಾಮಾನ್ಯವಾಗಿ ಡ್ರೈವ್‌ನ ಮೇಲಿನ ಚೀಟಿಯಲ್ಲೇ ಇರುತ್ತೆ, ಓದಿ.

ಅಷ್ಟಕ್ಕೂ ಬಗ್ಗದಿದ್ದರೆ ಡ್ರೈವ್ ಹೊರತೆಗೆದು ಐಡಿಇ-ಯುಎಸ್‌ಬಿ ಅಡಾಪ್ಟರ್‌ಗೆ ಹಾಕಿ. ಮೂರೂವರೆ ಇಂಚಿನ ಡ್ರೈವ್‌ಗೆ 12 ವೋಲ್ಟ್ ಕೂಡ ಬೇಕು, ಯುಎಸ್‌ಬಿ ಕೊಡೋದು 5 ಮಾತ್ರ. ಹಾಗಾಗಿ ಪ್ರತ್ಯೇಕ ಪವರ್ ಇರುವ ಅಡಾಪ್ಟರನ್ನೇ ಕೊಳ್ಳಿ. ಹೊಸ ಲ್ಯಾಪ್‌ಟಾಪ್ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳಿದರೆ ಬೇಡ ಅನ್ನಿ. ಮೊದಲು ಇಡೀ ಡಿಸ್ಕ್‌ನ ಪ್ರತಿ ತೆಗೆದು, ಆ ಪ್ರತಿಯ ಮೇಲೆ ಕೆಲಸ ಮಾಡಿ. ಡ್ರೈವ್ ಟಕ್ ಟಕ್ ಅಂತಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ. ಅದು ನಿಜವಾದ ಕಾಯಿಲೆ. ತಜ್ಞರ ಕೈಗೆ ಕೊಡಿ.

"ಎಲ್ಲ ಕ್ಲೌಡ್‌ನಲ್ಲಿ ಇದ್ದೇ ಇರುತ್ತಲ್ಲ" ಅಂತೀರಾ? ಗೂಗಲ್ ಡ್ರೈವ್ ಬಂದದ್ದೇ 2012ರಲ್ಲಿ. ಅಪ್ಪ 1999ರಲ್ಲಿ ಬರೆದದ್ದನ್ನು ಅಲ್ಲಿಗೆ ಯಾರು ಹೊತ್ತು ಹಾಕಿದರು? "ಖಾಸಗಿ ವಿವರ ಇದೆ, ಸುತ್ತಿಗೇಲಿ ಒಡೆದುಬಿಡೋಣ" ಅನ್ನೋರ ಭಯ ಸರಿಯೇ. ಆದರೆ ಬೇಕಾದ್ದನ್ನು ತೆಗೆದುಕೊಂಡ ಮೇಲೆ ಒಡೀರಿ.

ಇನ್ನೊಂದು ಮೋಸಹೋಗುವ ಜಾಗವಿದೆ. ಫೈಲ್ ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದೂ ಹಾಳಾಗಿಲ್ಲ. 2001ರ ಎಕ್ಸ್‌ಪಿಗೆ ಮುಂಚೆ ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡ ಇರಲಿಲ್ಲ. ಬರಹ, ನುಡಿ, ಶ್ರೀಲಿಪಿಗಳ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡವನ್ನು ಕೂಡಿಸಿಟ್ಟಿದ್ದವು. ಅದೇ ಫಾಂಟ್ ಹಾಕಿದರೆ ಅಪ್ಪನ ಸಾಲುಗಳು ಎದ್ದು ನಿಲ್ಲುತ್ತವೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳೂ ಇವೆ.

ನನ್ನ ಸಿಟ್ಟು ನಿಮ್ಮೊಬ್ಬರ ಮೇಲಲ್ಲ, ನಮ್ಮ ಸಂಘಗಳ ಮೇಲೂ ಇದೆ. ಕೆಟ್ಟ ಸಾಮಾನನ್ನು ಜನ ಒಟ್ಟಿಗೆ ಕೂತು ರಿಪೇರಿ ಮಾಡುವ ರೀಸ್ಟಾರ್ಟ್ ಪ್ರಾಜೆಕ್ಟ್ ಶುರುವಾದದ್ದು ಇದೇ ಲಂಡನ್ನಿನಲ್ಲಿ. ಯುಗಾದಿಗೆ ಹಾಲ್ ಬಾಡಿಗೆ ಹಿಡಿದು ಹೋಳಿಗೆ ಬಡಿಸೋ ನಮಗೆ ಮೂಲೆಯಲ್ಲೊಂದು ಮೇಜು, ಎರಡು ಅಡಾಪ್ಟರ್, ಒಂದು ಸ್ಕ್ರೂಡ್ರೈವರ್ ಇಡೋಕಾಗಲ್ವಾ? ಈ ಊರಿನಲ್ಲಿ ಕನ್ನಡಿಗರು ಹೇಗೆ ಬದುಕಿದರು ಅಂತ ನಾಳೆ ನಿಮ್ಮ ಮಕ್ಕಳು ಕೇಳಿದರೆ, ಉತ್ತರದ ಒಂದು ಪಾಲು ಆ ಡಬ್ಬಿಯಲ್ಲಿದೆ.

ಈ ಶನಿವಾರ ಕಾರಿಗೆ ಹಾಕೋ ಮುಂಚೆ ಮುಚ್ಚಳ ತೆಗೀರಿ. ಪ್ಲಗ್ ಕಿತ್ತಿಡೋದನ್ನ ಮರೀಬೇಡಿ.