ಓಡುವವನೋ, ನಿಂತು ಎಸೆಯುವವನೋ
ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್‌ಗಳು ಹೈಸ್ಕೂಲು ಹುಡುಗರನ್ನು ಆರಿಸಲು ಹೊರಟಾಗಲೆಲ್ಲ ಏಳುವ ಪ್ರಶ್ನೆ ಇದು: ರಕ್ಷಕರ ಮರೆಯಲ್ಲಿ ನಿಂತು ಎಸೆಯುವ ಕ್ವಾರ್ಟರ್‌ಬ್ಯಾಕ್ ಬೇಕೋ, ಚೆಂಡು ಹಿಡಿದು ತಾನೇ ನುಗ್ಗುವವನು ಬೇಕೋ? ನನ್ನ ಮತ ನುಗ್ಗುವವನಿಗೆ. ಕಾಲೇಜಿನಲ್ಲಿ ಮುಂದಿನ ಸಾಲು ಕಾಯುವವರೂ ಇನ್ನೂ ಕಲಿಯುತ್ತಿರುವ ಹುಡುಗರೇ; ಆ ಗೋಡೆ ಎಷ್ಟು ಹೊತ್ತು ನಿಂತೀತು? ರೀಡ್ ಆಪ್ಷನ್ ಆಟ ನೋಡಿ. ರನಿಂಗ್ ಬ್ಯಾಕ್‌ನ ಹೊಟ್ಟೆಗೆ ಚೆಂಡು ಒತ್ತಿ ಹಿಡಿದಿರುವಾಗಲೇ ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಅಂಚಿನ ಎದುರಾಳಿಯ ಮೇಲಿರುತ್ತದೆ. ಆತ ಒಳಕ್ಕೆ ತಿರುಗಿದನೋ, ಇವನು ಚೆಂಡು ಸೆಳೆದುಕೊಂಡು ಹೊರಗಿನಿಂದ ಓಡುತ್ತಾನೆ. ಯಾರೂ ಮುಟ್ಟದೆಯೇ ಎದುರಾಳಿಯೊಬ್ಬ ಆಟದಿಂದ ಹೊರಗಾದ ಹಾಗೆ. ಲೂಯಿವಿಲ್‌ನ ಲಮಾರ್ ಜಾಕ್ಸನ್ 2016ರಲ್ಲಿ ಎಸೆದು 3,543 ಗಜ, ಓಡಿ 1,571 ಗಜ ಗಳಿಸಿ, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹೈಸ್ಮನ್ ಪ್ರಶಸ್ತಿ ಗೆದ್ದ. ಅಂಥವನನ್ನೂ ಬೇರೆ ಸ್ಥಾನಕ್ಕೆ ತಳ್ಳಲು ನೋಡಿದವರಿದ್ದರು. ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡಿಸುವೆನೆಂದು ಅವನ ತಾಯಿಗೆ ಮಾತು ಕೊಟ್ಟವರು ಲೂಯಿವಿಲ್‌ನ ಕೋಚ್ ಬಾಬಿ ಪೆಟ್ರಿನೊ. ಹಾಗೆಂದು ಬರೀ ಕಾಲು ನಂಬಿದರೂ ಸಾಲದು. 2018ರ ಜನವರಿಯ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಅಲಬಾಮಾ ಅರ್ಧ ಆಟ ಮುಗಿದಾಗ ಜಾರ್ಜಿಯಾಕ್ಕಿಂತ 13 ಅಂಕ ಹಿಂದಿತ್ತು. ಅಲಬಾಮಾ ಕೋಚ್ ನಿಕ್ ಸೇಬನ್ ಓಡುವ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್‌ನನ್ನು ಕೂರಿಸಿ ಎಸೆತಗಾರ ಟುವಾ ಟಾಗೊವೈಲೊವಾನನ್ನು ಇಳಿಸಿದರು. 26–23ರ ಗೆಲುವು ತಂದದ್ದು ಹೆಚ್ಚುವರಿ ಅವಧಿಯಲ್ಲಿ ಅವನೆಸೆದ 41 ಗಜದ ಎಸೆತ.